ಧಾನ್ಯವೋ ನಗದೋ: ಆಹಾರ ಸಹಾಯಧನದ ಲೆಕ್ಕವನ್ನು ಕುರಿತು ಒಂದು ವಿಮರ್ಶೆ

2023ನೆಯ ಇಸವಿ ಜುಲೈ 10ರಂದು ಕರ್ನಾಟಕ ಸರ್ಕಾರವು ಅನ್ನಭಾಗ್ಯ ಯೋಜನೆಯ ಒಂದು ಭಾಗವನ್ನು ಅಕ್ಕಿಯ ರೂಪದಿಂದ ನಗದಿನ ರೂಪಕ್ಕೆ ಬದಲಾಯಿಸಿತು. ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ತಲೆಯೊಂದಕ್ಕೆ ದೊರೆಯುತ್ತಿದ್ದ 5 ಕಿಲೋ ಧಾನ್ಯದ ಮೇಲೆ ತಾನು ಇನ್ನೂ 5 ಕಿಲೋ ಅಕ್ಕಿಯನ್ನು ಕೊಡುವುದಾಗಿ ಅದು ವಚನವಿತ್ತಿದ್ದಿತು. ಆದರೆ ಅಕ್ಕಿ ದೊರೆಯಲಿಲ್ಲ. ಆದುದರಿಂದ ಭಾರತ ಆಹಾರ ನಿಗಮದ ದರವಾದ ಕಿಲೋಗೆ 34 ರೂಪಾಯಿಯಂತೆ ಲೆಕ್ಕಹಾಕಿ, ತಲೆಗೆ ತಿಂಗಳಿಗೆ 170 ರೂಪಾಯಿಗಳನ್ನು ಕುಟುಂಬದ ಮುಖ್ಯಸ್ಥರ ಬ್ಯಾಂಕ್ ಖಾತೆಗೆ ಜಮಾ ಮಾಡುವ ಏರ್ಪಾಡು ಆಯಿತು. 2025ರ ಫೆಬ್ರುವರಿಯಲ್ಲಿ ಈ ಏರ್ಪಾಡು ನಿಂತು ಅಕ್ಕಿಯೇ ಮರಳಿ ಬಂದಿತು.

ಒಂದೂವರೆ ವರ್ಷಕ್ಕೆ ಮೀರಿ ನಡೆದ ಈ ಪ್ರಯೋಗವನ್ನು ಕುರಿತು ಪತ್ರಿಕೆಗಳಲ್ಲಿಯೂ ವಿಧಾನಮಂಡಲದಲ್ಲಿಯೂ ಸಾಕಷ್ಟು ಚರ್ಚೆ ನಡೆದಿದೆ. ಆ ಚರ್ಚೆಯಲ್ಲಿ ಎರಡು ಪಕ್ಷಗಳು ಕಾಣುತ್ತವೆ. ನಗದು ಕೊಟ್ಟರೆ ಬಡವನು ತನಗೆ ಬೇಕಾದುದನ್ನು ಕೊಳ್ಳುತ್ತಾನೆ, ನಡುವಣ ಸೋರಿಕೆ ತಪ್ಪುತ್ತದೆ ಎಂಬುದು ಒಂದು ಪಕ್ಷ. ನಗದು ಅನ್ಯಕಾರ್ಯಕ್ಕೆ ವ್ಯಯವಾಗುತ್ತದೆ, ಧಾನ್ಯವಾದರೆ ಹೊಟ್ಟೆಗೇ ಸೇರುತ್ತದೆ ಎಂಬುದು ಇನ್ನೊಂದು. ಎರಡೂ ಪಕ್ಷಗಳವರು ಪ್ರಶ್ನೆಯನ್ನು ಹೊಸದೆಂಬಂತೆ ಎತ್ತಿಕೊಂಡಿದ್ದಾರೆ. ಅದು ನಮ್ಮ ಮೊದಲ ಆಕ್ಷೇಪ. ಎರಡನೆಯದು ಇದಕ್ಕಿಂತ ಗುರುತರವಾದುದು. ಧಾನ್ಯವೋ ನಗದೋ ಎಂದು ಕೇಳುವ ಭರದಲ್ಲಿ, ನಗದಾದರೆ ಎಷ್ಟು ನಗದು, ಅದನ್ನು ಯಾವ ಅಳತೆಗೋಲಿನಿಂದ ನಿರ್ಧರಿಸಬೇಕು ಎಂಬ ಪ್ರಶ್ನೆಯನ್ನು ಉಭಯಪಕ್ಷದವರೂ ಹಿಂದೆ ಬಿಟ್ಟಿದ್ದಾರೆ. ಮೈಸೂರು ಸೀಮೆಯ ಚರಿತ್ರೆಯಲ್ಲಿ ಇದೇ ಪ್ರಶ್ನೆ ನೂರೈವತ್ತು ವರ್ಷಗಳ ಹಿಂದೆ ಬಹು ಕಟುವಾಗಿ ಎದ್ದಿದ್ದಿತು.

ಇಂಥ ವಿಷಯವನ್ನು ಬರೆಯತೊಡಗುವವರು ಕೌಟಿಲ್ಯನಿಂದ ಆರಂಭಿಸುವುದು ರೂಢಿ. ದುರ್ಭಿಕ್ಷದಲ್ಲಿ ಅರಸನು ಬೀಜವನ್ನೂ ಅನ್ನವನ್ನೂ ಕೊಡಬೇಕು, ಕೋಟೆ ಕಟ್ಟೆಗಳ ಕೆಲಸ ಮಾಡಿಸಿ ಅನ್ನ ಕೊಡಬೇಕು ಎಂಬ ಅರ್ಥಶಾಸ್ತ್ರದ ವಿಧಿ ಸರ್ವವಿದಿತವಾದುದು. ಆದರೆ ವಿಧಿಯಿಂದ ಆಚರಣೆಯನ್ನು ಊಹಿಸುವುದು ಚರಿತ್ರಕಾರನಿಗೆ ಸಲ್ಲದ ಕೆಲಸವಾದುದರಿಂದ ನಾವು ಅತ್ತ ಹೋಗುವುದಿಲ್ಲ. ಲೆಕ್ಕಪತ್ರಗಳು ದೊರೆಯುವ ಕಾಲದಿಂದಲೇ ಹೊರಡುತ್ತೇವೆ.

1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ಕರೆದರು. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿದ್ದಿತು. ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದುದು 1881ರಲ್ಲಿ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿದಿದ್ದಿತು. ನಡುವೆ ಸಹಜವಾಗಿ ಆಗಬೇಕಾಗಿದ್ದ ವೃದ್ಧಿಯನ್ನು ಸೇರಿಸಿಕೊಂಡರೆ ನಷ್ಟ ಹತ್ತು ಲಕ್ಷವನ್ನು ಮುಟ್ಟುತ್ತದೆ. ಈ ಅಂಕಿಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಆ ಜನಕ್ಕೆ ಏನನ್ನು ಕೊಡಲಾಯಿತು, ಯಾವ ರೂಪದಲ್ಲಿ ಕೊಡಲಾಯಿತು ಎಂಬುದನ್ನು ವಿಚಾರಿಸುವವರು ವಿರಳ.

ಆ ಕ್ಷಾಮವನ್ನು ಕುರಿತ ಬರಹಗಳಲ್ಲಿ ಅತ್ಯಂತ ವಿಸ್ತಾರವಾದುದು ವಿಲಿಯಂ ಡಿಗ್ಬಿಯವರು 1878ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಗ್ರಂಥ. ಮದರಾಸು, ಮುಂಬಯಿ ಆಧಿಪತ್ಯಗಳೊಡನೆ ಮೈಸೂರು ಪ್ರಾಂತವನ್ನೂ ಅದು ಒಳಗೊಂಡಿದೆ. ಡಿಗ್ಬಿಯವರು ಮದರಾಸಿನಲ್ಲಿ ಪತ್ರಿಕಾ ಸಂಪಾದಕರಾಗಿದ್ದರು, ಪರಿಹಾರನಿಧಿಯ ಸಮಿತಿಗೆ ಗೌರವ ಕಾರ್ಯದರ್ಶಿಯಾಗಿದ್ದರು. ಆದಕಾರಣ ಅವರ ಪುಸ್ತಕದಲ್ಲಿ ಕಾಗದಪತ್ರಗಳ ಸಮೃದ್ಧಿಯಿದೆ, ಅಧಿಕಾರಿಗಳ ತಪ್ಪನ್ನು ತಪ್ಪೆಂದು ಹೇಳುವ ಧೈರ್ಯವೂ ಇದೆ. ಆದರೆ ದೋಷವೂ ಉಂಟು. ಅದರಲ್ಲಿ ಪರಿಹಾರವನ್ನು ಕೊಟ್ಟವರ ಮಾತು ಪುಟಪುಟದಲ್ಲಿ ಕೇಳುತ್ತದೆ. ಪಡೆದವರು ಅಂಕಣಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಗಂಜಿಯ ಪಾತ್ರೆಯ ಮುಂದೆ ಕುಳಿತವನು ರಾಗಿಯನ್ನು ಬಯಸಿದನೇ, ದುಡ್ಡನ್ನು ಬಯಸಿದನೇ ಎಂಬುದನ್ನು ಡಿಗ್ಬಿಯವರಿಂದ ತಿಳಿಯುವಂತಿಲ್ಲ. ಮೈಸೂರಿನ ಭಾಗವಂತೂ ಮದರಾಸಿನ ಕಥೆಗೆ ಅನುಬಂಧವೆಂಬಂತೆ ಇದೆ.

ಆದರೂ ಪ್ರಕೃತ ವಿಷಯಕ್ಕೆ ಅತ್ಯಗತ್ಯವಾದ ಒಂದು ವಾದವಿವಾದವು ಆ ಪುಸ್ತಕದಲ್ಲಿ ದಾಖಲಾಗಿದೆ. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ನರ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ಲರು ಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಿದರು. ದಿನವೊಂದಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಉಪ್ಪು ಮೆಣಸಿಗೆಂದು ಅಲ್ಪ ಹಣ: ಇದು ಅವರು ಗೊತ್ತುಮಾಡಿದ ಪ್ರಮಾಣ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಮದರಾಸಿನ ನೈರ್ಮಲ್ಯ ಕಮಿಷನರಾದ ಡಾಕ್ಟರ್ ಕಾರ್ನಿಷರು ಇದನ್ನು ವಿರೋಧಿಸಿ, ಮೈಮುರಿದು ದುಡಿಯುವವನಿಗೆ ಒಂದೂವರೆ ಪೌಂಡ್ ಧಾನ್ಯವಿಲ್ಲದೆ ದೇಹ ನಿಲ್ಲದೆಂದು ಪಟ್ಟುಹಿಡಿದರು. ಕೆಲವು ತಿಂಗಳಲ್ಲಿಯೇ ಸರ್ಕಾರ ಹಿಂದೆಗೆಯಬೇಕಾಯಿತು. ಟೆಂಪಲ್ ಕೂಲಿಯೆಂಬ ಹೆಸರು ಮಾತ್ರ ಕ್ರೌರ್ಯಕ್ಕೆ ಪರ್ಯಾಯವಾಗಿ ಉಳಿಯಿತು.

ಆ ಅಪಕೀರ್ತಿ ನ್ಯಾಯವಾದುದೇ. ಆದರೆ ಅಪಕೀರ್ತಿಯ ಗದ್ದಲದಲ್ಲಿ ಒಂದು ಸೂಕ್ಷ್ಮಾಂಶವು ಮರೆಯಾಗಿದೆ. ಟೆಂಪಲ್ಲರ ಕೂಲಿ ಅಲ್ಪವಾಗಿದ್ದಿತು. ಆದರೆ ಅದನ್ನು ಅಳೆದುದು ಧಾನ್ಯದಲ್ಲಿ, ಕೊಟ್ಟುದು ನಾಣ್ಯದಲ್ಲಿ. ಪೇಟೆಯಲ್ಲಿ ಧಾನ್ಯದ ಬೆಲೆ ಏರಿದರೆ ಕೈಗೆ ಬರುವ ದುಡ್ಡೂ ಏರಬೇಕು, ಇಳಿದರೆ ಇಳಿಯಬೇಕು. ಕಾರ್ನಿಷರು ಹೋರಾಡಿದುದು ಪೌಂಡಿನ ಸಂಖ್ಯೆಗಾಗಿ. ಈ ತತ್ತ್ವದ ವಿಷಯದಲ್ಲಿ ಉಭಯರಿಗೂ ಭಿನ್ನಾಭಿಪ್ರಾಯವಿರಲಿಲ್ಲ. 1880ರ ಕ್ಷಾಮ ಆಯೋಗದ ವರದಿಯ ತರುವಾಯ 1883ರಲ್ಲಿ ರೂಪುಗೊಂಡ ತಾತ್ಕಾಲಿಕ ಕ್ಷಾಮ ಸಂಹಿತೆಯೂ, ಅದನ್ನು ಅನುಸರಿಸಿದ ಪ್ರಾಂತ ಸಂಹಿತೆಗಳೂ ಇದೇ ದಾರಿಯನ್ನು ಹಿಡಿದುವು. ತಹಶೀಲಿನಿಂದ ಬರುವ ಬೆಲೆಪಟ್ಟಿ ಅಲ್ಲಿ ಆಡಳಿತದ ಕಣ್ಣಾಗಿದ್ದಿತು. ಜಿಪುಣತನದಿಂದ ಹುಟ್ಟಿದ ಒಂದು ನಿಯಮದೊಳಗೆ, ಅದನ್ನು ಮಾಡಿದವರ ಉದ್ದೇಶವನ್ನು ಮೀರಿ, ಬಡವನಿಗೆ ಅನುಕೂಲವಾದ ಒಂದು ಬೀಜ ಇದ್ದಿತೆಂದು ನಮಗೆ ತೋರುತ್ತದೆ.

ನಗದಿನ ವಾದಕ್ಕೆ ಇನ್ನೊಂದು ಆಧಾರವೂ ಆಗಲೇ ಹುಟ್ಟಿದ್ದಿತು. ಕ್ಷಾಮವೆಂಬುದು ಅನ್ನದ ಅಭಾವಕ್ಕಿಂತ ಹೆಚ್ಚಾಗಿ ಕೆಲಸದ ಅಭಾವ, ಜನರ ಕೈಯಲ್ಲಿ ಹಣವಿದ್ದರೆ ವರ್ತಕರು ಧಾನ್ಯವನ್ನು ತಾವಾಗಿಯೇ ತರುತ್ತಾರೆ, ಸರ್ಕಾರ ವ್ಯಾಪಾರದಲ್ಲಿ ಕೈಹಾಕಬಾರದು ಎಂಬುದು ಆಯೋಗದ ಬಹುಮತದ ನಿಲುವು. ಕೇರ್ಡ್ ಮತ್ತು ಸಲಿವನ್ ಎಂಬ ಇಬ್ಬರು ಸದಸ್ಯರು ಭಿನ್ನಮತವನ್ನು ಬರೆದರು. ಸುಮಾರು ನೂರು ವರ್ಷಗಳ ತರುವಾಯ, 1981ರಲ್ಲಿ, ಅಮರ್ತ್ಯ ಸೇನರು ಹಸಿವು ಧಾನ್ಯದ ಕೊರತೆಯಿಂದಲೇ ಬರುವುದಲ್ಲ, ಧಾನ್ಯವನ್ನು ಪಡೆಯುವ ಹಕ್ಕಿನ ಕುಸಿತದಿಂದ ಬರುತ್ತದೆ ಎಂದು ವಾದಿಸಿದಾಗ, ಹಳೆಯ ಮಾತನ್ನೇ ಅವರು ಹೇಳುತ್ತಿದ್ದಾರೆಂದು ಕೆಲವರು ಭಾವಿಸಿದರು. ಹಾಗಲ್ಲ. 1943ರ ಬಂಗಾಳದ ಕ್ಷಾಮದಲ್ಲಿ ಗ್ರಾಮೀಣ ಕೂಲಿಯು ಅಕ್ಕಿಯ ಬೆಲೆಯನ್ನು ಹಿಂಬಾಲಿಸಲಾರದೆ ಬಿದ್ದುಹೋದುದನ್ನು ಅವರು ಎತ್ತಿ ತೋರಿಸಿದರು. ಅಂದರೆ ಕೈಯಲ್ಲಿ ಹಣವಿದ್ದ ಮಾತ್ರಕ್ಕೆ ಸಾಲದು. ಆ ಹಣಕ್ಕೂ ಧಾನ್ಯದ ಬೆಲೆಗೂ ಇರುವ ಸಂಬಂಧ ಮುರಿಯದಿರಬೇಕು. ನಗದಿನ ಪಕ್ಷದವರು ಸೇನರನ್ನು ತಮ್ಮ ಸಾಕ್ಷಿಯಾಗಿ ಕರೆಯುವಾಗ ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ವರ್ತಕರು ತಾವಾಗಿಯೇ ತರುತ್ತಾರೆಂಬ ಮಾತಿಗೆ ದಾರಿಯೊಂದು ಇರಬೇಕಷ್ಟೆ. ಇದನ್ನು ಪರೀಕ್ಷಿಸಲು ಬೆಂಗಳೂರಿನ ಉತ್ತರಭಾಗಕ್ಕಿಂತ ಒಳ್ಳೆಯ ಸ್ಥಳ ಸಿಕ್ಕಲಾರದು. ಮದರಾಸಿನ ಕಡೆಯಿಂದ ರೈಲುಮಾರ್ಗ ಬೆಂಗಳೂರು ದಂಡುಪ್ರದೇಶಕ್ಕೆ 1864ರಲ್ಲಿಯೇ ಬಂದಿದ್ದಿತು, ಅಲ್ಲಿಗೇ ನಿಂತಿದ್ದಿತು. ಯಶವಂತಪುರದ ಮೇಲೆ ತುಮಕೂರಿಗೆ ಹೋಗುವ ಮಾರ್ಗ ತೆರೆದುದು 1884ರಲ್ಲಿ. ಯಲಹಂಕದ ಮೇಲೆ ಹಿಂದೂಪುರದ ಕಡೆಗೆ ಹೋಗುವ ಮಾರ್ಗ 1890ರ ದಶಕದ್ದು. 1877ರಲ್ಲಿ ದಂಡಿನ ನಿಲ್ದಾಣದಲ್ಲಿ ಇಳಿದ ಮೂಟೆಯು ಒಂಬತ್ತು ಹತ್ತು ಮೈಲಿ ದೂರದ ಯಲಹಂಕಕ್ಕೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದ ವರ್ಷದಲ್ಲಿ ಗಾಡಿಯ ಬಾಡಿಗೆಯನ್ನು ಬೇರೆ ಹೇಳಬೇಕೆ? ದಂಡಿನಲ್ಲಿ ಒಂದು ಆಣೆಗೆ ಇದ್ದ ಬೆಲೆ ಯಲಹಂಕದಲ್ಲಿ ಇರಲಿಲ್ಲ, ನಂದಿಯ ತಪ್ಪಲಿನಲ್ಲಿ ಇನ್ನೂ ಇರಲಿಲ್ಲ. ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸವನ್ನು ಬರಗಾಲದ ಕಾಮಗಾರಿಯಾಗಿ ಎತ್ತಿಕೊಂಡುದರಲ್ಲಿ ಈ ಪಾಠದ ಅರಿವು ಇದ್ದಿತೆಂದು ಹೇಳಬಹುದು.

ಈಗ ನಮ್ಮ ಕಾಲದ ಆಜ್ಞೆಗೆ ಬರೋಣ. ಅದನ್ನೂ ಒಂದು ಪಠ್ಯವೆಂದೇ ಭಾವಿಸಿ ಓದಬೇಕು. 2023ರ ಜೂನ್ 13ರಂದು ಕೇಂದ್ರವು ಮುಕ್ತ ಮಾರುಕಟ್ಟೆ ಮಾರಾಟ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಗೋಧಿಗಳ ಮಾರಾಟವನ್ನು ನಿಲ್ಲಿಸಿತು. ಬೆಲೆಯೇರಿಕೆಯನ್ನು ತಡೆಯಲು ದಾಸ್ತಾನು ಬೇಕೆಂಬುದು ಕೇಂದ್ರ ಕೊಟ್ಟ ಕಾರಣ; ಇದು ರಾಜಕೀಯವೆಂಬುದು ರಾಜ್ಯದ ಆಪಾದನೆ. ಆ ವಿವಾದದ ತೀರ್ಪು ನಮ್ಮ ಕೆಲಸವಲ್ಲ. ನಮಗೆ ಮುಖ್ಯವಾದುದು, 34 ರೂಪಾಯಿ ಎಂಬ ಅಂಕಿ. ನಿಗಮವು ಮಾರುವುದನ್ನೇ ನಿಲ್ಲಿಸಿದ್ದ ಅಕ್ಕಿಯ ದರ ಅದು. ಆ ದರಕ್ಕೆ ಸರ್ಕಾರಕ್ಕೇ ಅಕ್ಕಿ ಸಿಗಲಿಲ್ಲ. ಸರ್ಕಾರಕ್ಕೆ ಸಿಗದ ದರದಲ್ಲಿ ಗಂಗಾನಗರದ ಅಥವಾ ಹೆಬ್ಬಾಳದ ಗೃಹಿಣಿಗೆ ಸಿಗುವುದೆಂದು ಲೆಕ್ಕ ಹಾಕಲಾಯಿತು. ಮೂಟೆಗಟ್ಟಲೆ ಕೊಳ್ಳುವವನ ಬೆಲೆಯನ್ನು ಕಿಲೋ ಎರಡು ಕಿಲೋ ಕೊಳ್ಳುವವಳ ಕೈಗೆ ಕೊಟ್ಟು, ಇದೇ ನಿನ್ನ ಅಕ್ಕಿ ಎಂದಂತಾಯಿತು. ಇಲ್ಲಿಗೆ ಹತ್ತು ದಿನ ಕಳೆಯುವುದರೊಳಗಾಗಿ, ಜುಲೈ 20ರಂದು, ದೇಶದಲ್ಲಿ ಬೆಲೆ ಏರುತ್ತಿದೆಯೆಂಬ ಕಾರಣದಿಂದಲೇ ಬಾಸ್ಮತಿಯಲ್ಲದ ಬಿಳಿಯ ಅಕ್ಕಿಯ ರಫ್ತನ್ನು ಕೇಂದ್ರವು ನಿಷೇಧಿಸಿತು. ಬೆಲೆ ಏರುತ್ತಿದ್ದುದು ಎಲ್ಲರಿಗೂ ತಿಳಿದಿದ್ದಿತು. 170 ಮಾತ್ರ 170 ಆಗಿಯೇ ನಿಂತಿತು.

ಬೇರೆ ಅಳತೆಗೋಲು ಇರಲಿಲ್ಲವೇ? ಇದ್ದಿತು. ಕಾಯಿದೆಯಂತೆ ಕೊಡಬೇಕಾದ ಧಾನ್ಯವನ್ನು ಕೊಡಲಾಗದಿದ್ದರೆ ಆಹಾರ ಭದ್ರತಾ ಭತ್ಯೆಯನ್ನು ಕೊಡಬೇಕೆಂದು 2013ರ ಕಾಯಿದೆಯೇ ಹೇಳುತ್ತದೆ. 2015ರ ನಿಯಮಗಳು ಅದರ ಲೆಕ್ಕವನ್ನು ಕನಿಷ್ಠ ಬೆಂಬಲ ಬೆಲೆಯ ಒಂದೂಕಾಲು ಪಟ್ಟಿಗೆ ಕಟ್ಟಿವೆ. 2022–23ರ ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,040 ರೂಪಾಯಿ. ನೂರು ಕಿಲೋ ಭತ್ತಕ್ಕೆ 67 ಕಿಲೋ ಅಕ್ಕಿಯೆಂಬ ಸರ್ಕಾರದ ಪ್ರಮಾಣವನ್ನು ಹಿಡಿದು ನಾವು ಲೆಕ್ಕ ಮಾಡಿದರೆ ಅಕ್ಕಿಗೆ ಕಿಲೋಗೆ ಸುಮಾರು 30 ರೂಪಾಯಿ 45 ಪೈಸೆ ಬೀಳುತ್ತದೆ; ಅದರ ಒಂದೂಕಾಲು ಪಟ್ಟು 38 ರೂಪಾಯಿಗೆ ಸಮೀಪ. ರಾಜ್ಯವು ತನ್ನ ಇಚ್ಛೆಯಿಂದ ಕೊಡುತ್ತಿದ್ದ ಅಧಿಕ ಅಕ್ಕಿಗೆ ಆ ನಿಯಮ ಅನ್ವಯಿಸುವುದಿಲ್ಲವೆಂಬುದು ನಿಜ. ಆದರೆ ಅಳತೆಗೋಲು ಕೈಗೆಟಕುವಂತೆ ಇದ್ದಾಗ ಅದಕ್ಕಿಂತ ಗಿಡ್ಡವಾದ ಒಂದನ್ನು ಆರಿಸಿಕೊಂಡುದು ಗಮನಾರ್ಹ. ಐದು ಜನರ ಸಂಸಾರಕ್ಕೆ ವ್ಯತ್ಯಾಸ ತಿಂಗಳಿಗೆ ನೂರು ರೂಪಾಯಿ.

ರಾಗಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರಗಳು ರಾಗಿಯ ನಾಡು. ನಗರ ಅವನ್ನು ನುಂಗಿದ ಮೇಲೂ ಹಳೆಯ ಊರುಗಳ ಮನೆಗಳಲ್ಲಿ ಮುದ್ದೆ ಹೋಗಿಲ್ಲ. 1877ರಲ್ಲಿ ಹಡಗಿನಿಂದ ಇಳಿದು ಮದರಾಸಿನ ಮೇಲೆ ಬಂದುದು ಹೆಚ್ಚಾಗಿ ಬಂಗಾಳ ಬರ್ಮಾಗಳ ಅಕ್ಕಿ. ನಗದಿನ ಪರವಾಗಿ ಹೇಳಬಹುದಾದ ಅತ್ಯುತ್ತಮವಾದ ಮಾತು ಇದೇ: ಹಣವಿದ್ದರೆ ರಾಗಿ ತಿನ್ನುವವನು ರಾಗಿಯನ್ನೇ ಕೊಳ್ಳಬಲ್ಲ. ಈ ವಾದವನ್ನು ನಾವು ಒಪ್ಪುತ್ತೇವೆ. ಆದರೆ 2022–23ರಲ್ಲಿ ರಾಗಿಯ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 3,578 ರೂಪಾಯಿ, ಮರುವರ್ಷ 3,846. ರೈತನಿಗೆ ಕೊಡುವ ಕನಿಷ್ಠ ಬೆಲೆಯೇ 34ನ್ನು ಮೀರಿರುವಾಗ, ಆಯ್ಕೆಯ ಸ್ವಾತಂತ್ರ್ಯವೆಂಬುದು ಐದು ಕಿಲೋವನ್ನು ನಾಲ್ಕೂವರೆಗೆ ಇಳಿಸಿಕೊಳ್ಳುವ ಸ್ವಾತಂತ್ರ್ಯವಾಯಿತು.

ಇನ್ನು ಹಂಚಿಕೆಯ ಸೂತ್ರ. ಅಂತ್ಯೋದಯ ಕುಟುಂಬಗಳಿಗೆ ತಿಂಗಳಿಗೆ 35 ಕಿಲೋ ಧಾನ್ಯ ಮೊದಲೇ ಇದ್ದಿತು. ತಲೆಗೆ 10 ಕಿಲೋ ಎಂಬ ವಚನದಿಂದ ಆ 35ನ್ನು ಕಳೆದು ಉಳಿದುದಕ್ಕೆ ಹಣ ಕಟ್ಟಲಾಯಿತು. ಮೂವರು ಇರುವ ಮನೆಗೆ ಏನೂ ಇಲ್ಲ. ನಾಲ್ವರಿಗೆ 170, ಐವರಿಗೆ 510, ಆರು ಜನರಿಗೆ 850. ಗಣಿತದಲ್ಲಿ ತಪ್ಪಿಲ್ಲ. ಆದರೆ ಅಂತ್ಯೋದಯವೆಂಬ ವರ್ಗವನ್ನು ಮಾಡಿದುದೇ ಬಡವರಲ್ಲಿ ಅತ್ಯಂತ ಬಡವರಿಗೆ ಅಧಿಕವಾಗಿ ಕೊಡಬೇಕೆಂದು. ಹಿಂದೆ ಮೂವರ ಅಂತ್ಯೋದಯ ಮನೆಗೆ 35 ಕಿಲೋ ಸಿಗುತ್ತಿದ್ದಾಗ ಮೂವರ ಸಾಮಾನ್ಯ ಆದ್ಯತೆಯ ಮನೆಗೆ 15 ಸಿಗುತ್ತಿದ್ದಿತು; ಅಂತರ 20. ಹೊಸ ಸೂತ್ರದಲ್ಲಿ 35ಕ್ಕೆ ಎದುರಾಗಿ 30, ಅಂತರ 5. ಐವರ ಮನೆಗಳಲ್ಲಿ ಅಂತರವೇ ಅಳಿಸಿಹೋಯಿತು. ಈ ವಿಷಯವನ್ನು ಕುರಿತು ಒಂದು ಸಾಲೂ ನಾವು ಓದಿದ ಲೇಖನಗಳಲ್ಲಿ ಕಾಣಲಿಲ್ಲ. ಹೊಸದಾಗಿ ಕೊಟ್ಟುದನ್ನು ಎಣಿಸುವವರು ಹಳೆಯ ಮೇಲ್ಮೆ ಕರಗಿದುದನ್ನು ಎಣಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ತಲೆಗೆ 10 ಕಿಲೋ ಎಂದರೆ ದಿನಕ್ಕೆ 333 ಗ್ರಾಂ. ಟೆಂಪಲ್ಲರ ಒಂದು ಪೌಂಡೇ ಸುಮಾರು 450 ಗ್ರಾಂ. ಹಾಗಾದರೆ ನಮ್ಮ ಕಾಲದ ಕಲ್ಯಾಣರಾಜ್ಯವು ಟೆಂಪಲ್ಲರಿಗಿಂತಲೂ ಜಿಪುಣವೇ ಎಂದು ಯಾರಾದರೂ ಕೇಳಬಹುದು. ಇದು ಅವಸರದ ಹೋಲಿಕೆ. ಟೆಂಪಲ್ಲರ ಕೂಲಿ ದಿನವಿಡೀ ಮಣ್ಣು ಹೊರುವ ವಯಸ್ಕನ ಸರ್ವಸ್ವ; ಅದರ ಹೊರತು ಅವನಿಗೆ ಬೇರೆ ಆದಾಯವಿಲ್ಲ. ಅನ್ನಭಾಗ್ಯವು ಹಸುಗೂಸಿನಿಂದ ಮುದುಕಿಯವರೆಗೆ ಎಲ್ಲ ತಲೆಗಳಿಗೂ ಸಮನಾಗಿ ಬರುವ ಪೂರಕ. ದುಡಿಮೆಯ ಕರಾರು ಅದಕ್ಕಿಲ್ಲ. ದುಡಿಯಬಲ್ಲವರಿಗೂ ಕರಾರಿಲ್ಲದೆ ಕೊಡುವುದು 1877ರ ಅಧಿಕಾರಿಗಳಿಗೆ ಒಪ್ಪಿಗೆಯಾಗದ ಸಂಗತಿ. ಹೋಲಿಸಬೇಕಾದುದು ಪ್ರಮಾಣವನ್ನಲ್ಲ, ಪ್ರಮಾಣವನ್ನು ಕಾಯುವ ವಿಧಾನವನ್ನು. ಆ ದೃಷ್ಟಿಯಿಂದ ನೋಡಿದರೆ ಹಳೆಯದು ಕಡಿಮೆ ಕೊಟ್ಟು ಬೆಲೆಯನ್ನು ಹಿಂಬಾಲಿಸಿತು. ಹೊಸದು ಉದಾರವಾಗಿ ಕೊಟ್ಟು ಬೆಲೆಯನ್ನು ಮರೆಯಿತು. ಯಶವಂತಪುರದಲ್ಲಿ ಧಾನ್ಯ ಬೇಳೆಗಳ ದೊಡ್ಡ ಸಗಟು ಮಾರುಕಟ್ಟೆ ಇದೆ. ರಾಜ್ಯದ ಕೃಷಿ ಮಾರುಕಟ್ಟೆ ಇಲಾಖೆಯು ಪ್ರತಿದಿನದ ಧಾರಣೆಯನ್ನು ತಾನೇ ಪ್ರಕಟಿಸುತ್ತದೆ. 1877ರ ತಹಶೀಲ್ದಾರನಿಗೆ ಕುದುರೆಯ ಮೇಲೆ ಹೋಗಿ ಕೇಳಬೇಕಾಗಿದ್ದುದು ಈಗ ಕಚೇರಿಯ ಮೇಜಿನ ಮೇಲೆ ಇದೆ. ಬೆಲೆಗೆ ತಕ್ಕಂತೆ ಮೂರು ತಿಂಗಳಿಗೊಮ್ಮೆ ಮೊತ್ತವನ್ನು ಪರಿಷ್ಕರಿಸಲು ಸಾಧನದ ಅಡ್ಡಿ ಇರಲಿಲ್ಲ.

ನಗದಿನ ಪಕ್ಷಕ್ಕೆ ಸಲ್ಲಬೇಕಾದ ಒಂದು ಶ್ರೇಯಸ್ಸನ್ನು ಮುಚ್ಚಿಡಬಾರದು. 2013ರ ಕಾಯಿದೆಯಂತೆ ಹದಿನೆಂಟು ವರ್ಷ ತುಂಬಿದ ಹಿರಿಯ ಹೆಂಗಸೇ ಪಡಿತರದ ವಿಷಯದಲ್ಲಿ ಮನೆಯ ಮುಖ್ಯಸ್ಥೆ. ಆದುದರಿಂದ ಹಣ ಬಹುಮಟ್ಟಿಗೆ ಅವಳ ಹೆಸರಿನ ಖಾತೆಗೆ ಹೋಯಿತು. 2023ರ ಆಗಸ್ಟ್ 30ರಿಂದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅದೇ ರೀತಿ ಬರತೊಡಗಿತು. ಟೆಂಪಲ್ಲರ ಪಟ್ಟಿಯಲ್ಲಿ ಹೆಂಗಸು ಗಂಡಸಿಗಿಂತ ಅಗ್ಗವಾಗಿದ್ದಳೆಂಬುದನ್ನು ನೆನೆದರೆ ಇದು ಅಲ್ಪ ಬದಲಾವಣೆಯಲ್ಲ. ಹೆಂಗಸಿನ ಕೈಯ ಹಣ ಸೀಗೆಕಾಯಿಗೂ ಸಿನಿಮಾಕ್ಕೂ ಹೋಯಿತೆಂದು ಗೊಣಗುವವರ ಬರಹಗಳನ್ನು ನಾವು ಗಂಭೀರವಾಗಿ ಪರಿಗಣಿಸಿಲ್ಲ. ಶಾಲೆಯ ಶುಲ್ಕಕ್ಕೆ, ಔಷಧಕ್ಕೆ ಹೋದುದಾದರೆ ಅದು ಹಸಿವಿನ ಲೆಕ್ಕದ ಹೊರಗೆ ನಿಲ್ಲುವುದೂ ಇಲ್ಲ.

ಆದರೆ ಖಾತೆಯೆಂಬುದೇ ಒಂದು ಬಾಗಿಲು. ಆರಂಭದಲ್ಲಿ ರಾಜ್ಯದ ಸುಮಾರು 1.28 ಕೋಟಿ ಚೀಟಿಗಳಲ್ಲಿ, ಆಧಾರ್ ಜೋಡಣೆಗೊಂಡು ಚಾಲನೆಯಲ್ಲಿದ್ದ ಬ್ಯಾಂಕ್ ಖಾತೆಯಿದ್ದುವು ಸುಮಾರು 1.06 ಕೋಟಿ ಮಾತ್ರ. ಉಳಿದವರು ಮೊದಲು ಖಾತೆ ಮಾಡಿಸಿಕೊಳ್ಳಬೇಕಾಯಿತು. ಹಿಂದಿನ ಮೂರು ತಿಂಗಳು ಧಾನ್ಯವನ್ನು ಒಯ್ಯದಿದ್ದ ಕುಟುಂಬಗಳನ್ನೂ ಹೊರಗಿಡಲಾಯಿತು. ಸುಗ್ಗಿಗೆಂದು ಊರಿಗೆ ಹೋಗಿ ನಿಲ್ಲುವ ಕೂಲಿಕಾರರೇ ಹೆಚ್ಚಾಗಿರುವ ಹೆಬ್ಬಾಳದಂಥ ಕಡೆ ಈ ನಿಯಮ ಯಾರನ್ನು ಹೊಡೆಯುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಲಹಂಕದ ಹಳೆಯ ಊರಿನ ಒಂದು ನ್ಯಾಯಬೆಲೆ ಅಂಗಡಿಯ ಮುಂದೆ ಮನೆಗೆಲಸದ ಒಬ್ಬ ಹೆಂಗಸು ನಮಗೆ ಹೇಳಿದ ಮಾತು ಈ ಎಲ್ಲ ಅಂಕಿಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ. ಅಕ್ಕಿ ಬಂದಿದೆಯೋ ಇಲ್ಲವೋ ಎಂಬುದು ಅಂಗಡಿಯ ಬಾಗಿಲು ನೋಡಿದರೆ ತಿಳಿಯುತ್ತದೆ. ದುಡ್ಡು ಬಂದಿದೆಯೋ ಇಲ್ಲವೋ ತಿಳಿಯಲು ಬ್ಯಾಂಕಿನ ಮುಂದೆ ನಿಲ್ಲಬೇಕು, ಒಂದು ಮನೆಯ ಕೆಲಸ ತಪ್ಪುತ್ತದೆ, ಆ ಮನೆಯವರು ಸುಮ್ಮನಿರುವುದಿಲ್ಲ ಎಂದು ಆಕೆ ಹೇಳಿದಳು. ಹಣ ತಿಂಗಳು ತಿಂಗಳಿಗೆ ತಪ್ಪದೆ ಬಂದಿದ್ದರೆ ಆಕೆ ಹೋಗಿ ನಿಲ್ಲಬೇಕಾಗುತ್ತಿರಲಿಲ್ಲ, ಹಾಗೆ ಬರಲಿಲ್ಲ. ತಡವಾಗಿ ಬಂದ ಅಕ್ಕಿಯೂ ಐದು ಕಿಲೋವೇ. ತಡವಾಗಿ ಬಂದ 170 ಬೆಲೆಯೇರಿದ ಪೇಟೆಯನ್ನು ಹೊಕ್ಕಿತು.

ಅಕ್ಕಿಗೆ ಹಿಂದಿರುಗಿದುದರ ಕಥೆಯನ್ನು ಬರೆದವರು, ಜನರೇ ಅಕ್ಕಿಯನ್ನು ಕೇಳಿದರು, ಸರ್ಕಾರ ಒಪ್ಪಿತು ಎಂದು ಮುಗಿಸುತ್ತಾರೆ. ಜನರು ಕೇಳಿದುದು ಸುಳ್ಳಲ್ಲ. ಆದರೆ ಬೆಲೆಗಳ ಸಾಲನ್ನು ಪಕ್ಕದಲ್ಲಿಟ್ಟು ಓದಬೇಕು. 2024ರ ಫೆಬ್ರುವರಿಯಲ್ಲಿ ಕೇಂದ್ರವು ಭಾರತ್ ಅಕ್ಕಿಯೆಂಬ ಹೆಸರಿನಲ್ಲಿ ಕಿಲೋಗೆ 29 ರೂಪಾಯಿಯಂತೆ ತಾನೇ ಚಿಲ್ಲರೆಯಾಗಿ ಮಾರಿತು. ಅದೇ ವರ್ಷದ ಆಗಸ್ಟಿನಲ್ಲಿ ರಾಜ್ಯಗಳಿಗೆ 28ರಂತೆ ಮಾರಾಟ ಪುನಃ ತೆರೆಯಿತು. ಉಗ್ರಾಣಗಳು ತುಂಬಿ ತುಳುಕುತ್ತಿರಲಾಗಿ 2025ರ ಜನವರಿಯಲ್ಲಿ ದರ 22 ರೂಪಾಯಿ 50 ಪೈಸೆಗೆ ಇಳಿಯಿತು. ಆ ದರದಲ್ಲಿ ಐದು ಕಿಲೋಗೆ 112 ರೂಪಾಯಿ 50 ಪೈಸೆ. ಸಾಗಾಟದ ವೆಚ್ಚವನ್ನು ಬದಿಗಿಟ್ಟರೆ ತಲೆಯೊಂದಕ್ಕೆ 57 ರೂಪಾಯಿ 50 ಪೈಸೆ ಖಜಾನೆಗೆ ಉಳಿತಾಯ. 2023ರಲ್ಲಿ ಧಾನ್ಯವಿಲ್ಲವೆಂದು ನಗದು ಬಂದಿತು. 2025ರಲ್ಲಿ ಧಾನ್ಯ ಅಗ್ಗವಾಯಿತೆಂದು ನಗದು ಹೋಯಿತು. ಎರಡು ಸಂದರ್ಭಗಳಲ್ಲಿಯೂ ರೂಪವನ್ನು ನಿರ್ಧರಿಸಿದುದು ಪಡೆಯುವವರ ಅನುಕೂಲವಲ್ಲ, ಕೊಡುವವರ ಉಗ್ರಾಣದ ಸ್ಥಿತಿ. ಮಾರ್ಚಿಯಲ್ಲಿ ಹಿಂದಿನ ತಿಂಗಳ ಬಾಕಿಯೂ ಸೇರಿ ತಲೆಗೆ 15 ಕಿಲೋ ಬಂದಾಗ, ಒಂದೇ ಕೋಣೆಯ ಮನೆಯಲ್ಲಿ ಐವರ ಪಾಲಿನ 75 ಕಿಲೋವನ್ನು ಎಲ್ಲಿಡುವುದೆಂಬ ಪ್ರಶ್ನೆಯೂ ಹುಟ್ಟಿತು.

ಧಾನ್ಯ ನಗದುಗಳ ನಡುವೆ ಮೂರನೆಯದಾಗಿ ಬೇಯಿಸಿದ ಅನ್ನವಿದೆ. 1877ರಲ್ಲಿ ಗಂಜಿಯ ಕೇಂದ್ರಗಳು, 2017ರ ಆಗಸ್ಟಿನಿಂದ ಇಂದಿರಾ ಕ್ಯಾಂಟೀನುಗಳು. 170 ರೂಪಾಯಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 5 ರೂಪಾಯಿ 67 ಪೈಸೆ ಬರುತ್ತದೆ. ಕ್ಯಾಂಟೀನು ತೆರೆದಾಗ ಒಂದು ಬೆಳಗಿನ ತಿಂಡಿಗೆ ಇಟ್ಟಿದ್ದ ಬೆಲೆ 5 ರೂಪಾಯಿ. ಬೇಯಿಸಿದ ಅನ್ನಕ್ಕೆ ಚೀಟಿ ಬೇಡ, ಖಾತೆ ಬೇಡ. 2020ರಲ್ಲಿ ಇದರ ಅರ್ಥ ಸ್ಪಷ್ಟವಾಯಿತು. ಆ ಮಾರ್ಚ್ 25ರಿಂದ ದೇಶ ಸ್ತಬ್ಧವಾದಾಗ ಸರ್ಕಾರಗಳು ಹಲವು ಬಗೆಯ ನಗದನ್ನು ಕೊಟ್ಟವು: ಜನಧನ ಖಾತೆಯ ಹೆಂಗಸರಿಗೆ ಮೂರು ತಿಂಗಳು 500ರಂತೆ, ರಾಜ್ಯದ ಅಗಸರಿಗೂ ಕ್ಷೌರಿಕರಿಗೂ ಆಟೋ ಚಾಲಕರಿಗೂ ಒಂದು ಸಲ 5,000. ಎಲ್ಲವೂ ಪಟ್ಟಿಯಲ್ಲಿದ್ದವರಿಗೆ. ಹೆಬ್ಬಾಳ ಯಲಹಂಕಗಳ ಗಗನಚುಂಬಿ ಕಟ್ಟಡಗಳನ್ನು ಕಟ್ಟುತ್ತಿದ್ದ ಬಿಹಾರ ಒಡಿಶಾಗಳ ಕೆಲಸಗಾರರ ಚೀಟಿಗಳು ಅವರವರ ಊರಿನಲ್ಲಿದ್ದುವು. ಮೇ 3ರಂದು ಚಿಕ್ಕಬಾಣಾವರದ ನಿಲ್ದಾಣದಿಂದ ಶ್ರಮಿಕರ ರೈಲುಗಳು ಹೊರಟುವು. ಚೀಟಿಯಿಲ್ಲದ ವಲಸಿಗರಿಗೂ ಎರಡು ತಿಂಗಳು 5 ಕಿಲೋ ಧಾನ್ಯವೆಂಬ ಕೇಂದ್ರದ ಪ್ರಕಟನೆ ಬಂದುದು ಅದರ ತರುವಾಯ. ಆ ಕೆಲಸಗಾರರ ದೃಷ್ಟಿಯಿಂದ ಧಾನ್ಯವೋ ನಗದೋ ಎಂಬ ನಮ್ಮ ಚರ್ಚೆಯೆಲ್ಲ ಒಳಗೆ ಕುಳಿತವರ ಚರ್ಚೆ.

2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟವು ಅಧಿಕ ಐದು ಕಿಲೋ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಇಂದಿರಾ ಕಿಟ್ ಕೊಡಬೇಕೆಂದು ತೀರ್ಮಾನಿಸಿತು. ಅನ್ನದ ಜತೆಗೆ ಬೇಳೆಯೂ ಬೇಕೆಂಬುದು ಕಾರ್ನಿಷರಿಗೂ ಸಮ್ಮತವಾಗುತ್ತಿದ್ದ ಮಾತು. ನಾವು ಅದನ್ನು ಸ್ವಾಗತಿಸುತ್ತೇವೆ. ಬೇಳೆಯ ಬೆಲೆ ಅಕ್ಕಿಯ ಬೆಲೆಗಿಂತ ಬಹು ಚಂಚಲವಾದುದು. ಯಾವುದೋ ಒಂದು ವರ್ಷ ತೊಗರಿ ಕೈಕೊಟ್ಟು, ಬೇಳೆಗೆ ಬದಲಾಗಿ ಹಣವನ್ನು ಕೊಡಬೇಕಾಗಿ ಬಂದರೆ, ಆ ಹಣವನ್ನು ಆ ತಿಂಗಳ ಯಶವಂತಪುರದ ಧಾರಣೆಯಿಂದ ಎಣಿಸಬೇಕೇ, ಗುತ್ತಿಗೆಯ ಕಾಗದದಲ್ಲಿ ಬರೆದ ಹಳೆಯ ದರದಿಂದ ಎಣಿಸಬೇಕೇ ಎಂಬುದನ್ನು ಈಗಲೇ ನಿಯಮದಲ್ಲಿ ಬರೆದಿಡಬೇಕು.